ಬಾವಿಯ ಸುತ್ತ ನಲವತ್ತು ಮೊಳ: ಬೀದರಿನ ಕರೇಜ್‌ಗಳೂ ಬೆಳೆಯುವ ಊರೂ

ಬೀದರಿನ ಹೆಸರೆತ್ತಿದೊಡನೆ ನಮ್ಮ ಮನೆಗಳಲ್ಲಿ ಮೊದಲು ನೆನಪಾಗುವುದು ಮಹಮೂದ್ ಗಾವಾನರ ಮದ್ರಸ. 1472ರಲ್ಲಿ ಕಟ್ಟಿ ಮುಗಿದ ಆ ವಿದ್ಯಾಲಯದ ಅಳಿದುಳಿದ ಮಿನಾರು, ಅದರ ಮೈಮೇಲಿನ ಬಣ್ಣದ ಹೆಂಚುಗಳು, ಬಂಡೆಯನ್ನೇ ಕಡಿದು ಮಾಡಿದ ಕೋಟೆಯ ಕಂದಕಗಳು, ಅಷ್ಟೂರಿನ ಗುಂಬಜ್‌ಗಳು, ಬಿದ್ರಿ ಕಲೆಯ ಹೂಜಿಗಳು. ಪಾಠಪುಸ್ತಕಗಳೂ ಪ್ರವಾಸದ ಚಿತ್ರಗಳೂ ನಮಗೆ ಕೊಟ್ಟಿರುವ ಬೀದರ್ ಇಷ್ಟು. ಇವೆಲ್ಲವೂ ಕಣ್ಣಿಗೆ ಕಾಣುವಂಥವು. ಆದರೆ ಅದೇ ಬಹಮನಿ ಕಾಲದ ಜನರು ನೆಲದ ಕೆಳಗೆ ಕಟ್ಟಿದ, ಕೊರೆದ ಎನ್ನುವುದೇ ಸರಿಯಾದೀತು, ಇನ್ನೊಂದು ನಿರ್ಮಾಣವಿದೆ. ಅದರ ಮೇಲೆ ನಡೆದಾಡುವವರಿಗೆ ಅದು ಗೋಚರಿಸುವುದಿಲ್ಲ. ಗೋಚರಿಸದ ಕಾರಣದಿಂದಲೇ ಅದರ ಮೇಲೆ ರಸ್ತೆಗಳು ಹಾಯ್ದಿವೆ, ನಿವೇಶನಗಳ ಗಡಿಕಲ್ಲುಗಳು ನೆಟ್ಟಿವೆ, ಮನೆಗಳೆದ್ದಿವೆ. ಅದನ್ನು ಕರೇಜ್ ಎನ್ನುತ್ತಾರೆ.

ನಮ್ಮ ಗಮನವನ್ನು ಇತ್ತ ತಿರುಗಿಸಿದ್ದು ಒಂದು ಫಿಕ್‌ಹ್ ಪಾಠ. ಹನಫಿ ಮದ್ರಸಗಳಲ್ಲಿ ಓದಿಸುವ ‘ಹಿದಾಯಾ’ ಗ್ರಂಥದಲ್ಲಿ ‘ಇಹ್ಯಾಉಲ್ ಮವಾತ್’ ಎಂಬ ಅಧ್ಯಾಯವಿದೆ. ಸತ್ತ ನೆಲಕ್ಕೆ ಜೀವ ತುಂಬುವುದು ಎಂದು ಅದರ ಅರ್ಥ. ಒಡೆಯರಿಲ್ಲದೆ ಪಾಳುಬಿದ್ದ ಭೂಮಿಯನ್ನು ಹಸನುಗೊಳಿಸಿದವನಿಗೆ ಅದರ ಮೇಲೆ ಹಕ್ಕು ಹೇಗೆ ಪ್ರಾಪ್ತವಾಗುತ್ತದೆ ಎಂಬುದನ್ನು ಅದು ವಿವರಿಸುತ್ತದೆ. ಇಂದಿನ ಮಾತಿನಲ್ಲಿ ಹೇಳುವುದಾದರೆ ಭೂ ಅಭಿವೃದ್ಧಿಯ ಅಧ್ಯಾಯ. ಪಾಳು ಭೂಮಿಯೆಂಬುದೇ ನಮ್ಮ ಊರುಗಳಲ್ಲಿ ಇಲ್ಲವಾಗಿರುವುದರಿಂದ ಅನೇಕರು ಇದನ್ನು ಬೇಗ ಬೇಗ ಓದಿಸಿ ಮುಗಿಸುತ್ತಾರೆ. ಹಲವು ವರ್ಷ ನಾವೂ ಹಾಗೆಯೇ ಮಾಡಿದೆವು. ಒಮ್ಮೆ ಬೀದರ್ ಕಡೆಯ ವಿದ್ಯಾರ್ಥಿಯೊಬ್ಬ ಆ ಅಧ್ಯಾಯದಲ್ಲಿ ಬರುವ ‘ಕನಾತ್’ ಎಂಬ ಪದಕ್ಕೆ ಅರ್ಥ ಕೇಳಿದ. ನೆಲದಡಿಯ ನೀರುಕಾಲುವೆ ಎಂದೆವು. ಅವನು ಸ್ವಲ್ಪ ಯೋಚಿಸಿ, ತಮ್ಮ ಊರಿನ ಬಳಿ ಅಂಥದೊಂದು ಇದೆಯೆಂದೂ ಅದರ ಬಾಯಿಗೆ ಜನ ಕಸ ಸುರಿಯುತ್ತಿದ್ದರೆಂದೂ ಹೇಳಿದ. ಗ್ರಂಥದ ಕನಾತ್ ಮತ್ತು ಬೀದರಿನ ಕರೇಜ್ ಒಂದೇ ಎಂಬುದು ಅಲ್ಲಿಯವರೆಗೆ ನಮಗೆ ಹೊಳೆದಿರಲಿಲ್ಲ ಎಂಬುದನ್ನು ಸಂಕೋಚದಿಂದಲೇ ಒಪ್ಪಿಕೊಳ್ಳುತ್ತೇವೆ.

ಮೊದಲು ನೆಲದ ವಿಚಾರ. ಬೀದರ್ ಒಂದು ಎತ್ತರದ ಪ್ರಸ್ಥಭೂಮಿಯ ಅಂಚಿನಲ್ಲಿರುವ ನಗರ. ಮೇಲ್ಪದರ ಕೆಂಪು ಜಂಬಿಟ್ಟಿಗೆ ಕಲ್ಲಿನದು. ಅದರ ತಳದಲ್ಲಿ ದಖ್ಖನ್ ಪ್ರದೇಶದ ಕಪ್ಪು ಕಲ್ಲು, ಅಂದರೆ ಬಸಾಲ್ಟ್. ಜಂಬಿಟ್ಟಿಗೆ ಕಲ್ಲಿಗೆ ಎರಡು ಗುಣಗಳಿವೆ. ನೆಲದೊಳಗೆ ಇರುವಾಗ ಅದು ಮೆದುವಾಗಿದ್ದು ಸುಲಭವಾಗಿ ಕಡಿಯಬರುತ್ತದೆ, ಗಾಳಿಗೆ ತೆರೆದುಕೊಂಡ ಮೇಲೆ ಗಟ್ಟಿಯಾಗುತ್ತದೆ. ಜೊತೆಗೆ ಅದರ ಮೈಯೆಲ್ಲ ರಂಧ್ರ. ಮಳೆಯ ನೀರು ಆ ರಂಧ್ರಗಳ ಮೂಲಕ ಇಳಿದು ಕೆಳಗಿನ ಕಪ್ಪು ಕಲ್ಲನ್ನು ಮುಟ್ಟುತ್ತದೆ. ಅಲ್ಲಿಂದ ಕೆಳಗೆ ಸುಲಭವಾಗಿ ಇಳಿಯಲಾರದೆ ಪಕ್ಕಕ್ಕೆ ಸರಿಯುತ್ತದೆ. ಕೊನೆಗೆ ಪ್ರಸ್ಥಭೂಮಿಯ ಇಳಿಜಾರಿನಲ್ಲಿ ಎರಡು ಕಲ್ಲುಗಳು ಕೂಡುವ ಕಡೆ ಝರಿಯಾಗಿ ಹೊರಬರುತ್ತದೆ. ನರಸಿಂಹ ಝರಣಿಯ ನೀರು, ಸಿಖ್ಖರು ಪವಿತ್ರವೆಂದು ಭಾವಿಸುವ ನಾನಕ್ ಝೀರಾದ ನೀರು, ಪಾಪನಾಶದ ನೀರು, ಸುಲ್ತಾನರ ಕರೇಜ್‌ಗಳ ನೀರು, ಎಲ್ಲವೂ ಈ ಒಂದೇ ಕೆಂಪು ಕಲ್ಲಿನ ಕೊಡುಗೆ. ಮೇಲೆ ನಿಂತವರು ತಮ್ಮ ತಮ್ಮ ಹೆಸರಿನಿಂದ ಕರೆದರೂ ಕೆಳಗೆ ಅದಕ್ಕೆ ಗಡಿಯಿಲ್ಲ. ಆದ್ದರಿಂದಲೇ ಒಂದು ಕಡೆಯ ಹಾನಿ ಅಲ್ಲಿಗೇ ನಿಲ್ಲುವುದೂ ಇಲ್ಲ.

ಬಹಮನಿ ಸುಲ್ತಾನ ಅಹ್ಮದ್ ಶಾಹ್ ಹದಿನೈದನೆಯ ಶತಮಾನದ ಪೂರ್ವಾರ್ಧದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ವರ್ಗಾಯಿಸಿದರು. ಜನ ಇವರನ್ನು ವಲೀ ಎಂದೇ ಕರೆದರು. ಇರಾನಿನ ಕಿರ್ಮಾನ್ ಪ್ರಾಂತದ ಸೂಫಿ ಶಾಹ್ ನಿಅ್‌ಮತುಲ್ಲಾಹರ ಮೇಲೆ ಇವರಿಗೆ ಅಪಾರ ಭಕ್ತಿ. ಆ ಮನೆತನದವರು ಇವರ ಆಹ್ವಾನದ ಮೇರೆಗೆ ಬೀದರಿಗೆ ಬಂದು ನೆಲೆಸಿದರು. ಅಷ್ಟೂರಿನ ದಾರಿಯಲ್ಲಿರುವ ಖಲೀಲುಲ್ಲಾಹರ ಚೌಖಂಡಿ ಅದಕ್ಕೆ ಸಾಕ್ಷಿ. ಕಿರ್ಮಾನ್ ಎಂದರೆ ಕರೇಜ್‌ಗಳಿಂದಲೇ ಬದುಕಿದ ನಾಡು. ಅಲ್ಲಿಂದಲೂ ಇರಾನಿನ ಇತರ ಊರುಗಳಿಂದಲೂ ಬಂದವರ ಜೊತೆ ನೀರಿನ ವಿದ್ಯೆಯೂ ಬಂತು. ಮರುಭೂಮಿಯ ಆ ವಿದ್ಯೆ ಜಂಬಿಟ್ಟಿಗೆಯ ನೆಲಕ್ಕೆ ಸೊಗಸಾಗಿ ಒಗ್ಗಿಕೊಂಡಿತು.

ಕರೇಜ್‌ನ ರಚನೆ ಹೀಗೆ. ಎತ್ತರದ ಜಾಗದಲ್ಲಿ ಒಂದು ಆಳವಾದ ಬಾವಿ. ಅದನ್ನು ತಾಯಿಬಾವಿ ಎನ್ನುತ್ತಾರೆ. ಅದು ಅಂತರ್ಜಲದ ಮಟ್ಟವನ್ನು ಮುಟ್ಟಬೇಕು. ಅಲ್ಲಿಂದ ತಗ್ಗಿನ ಕಡೆಗೆ ನೆಲದಡಿಯಲ್ಲೇ ಅತ್ಯಲ್ಪ ಇಳಿಜಾರಿನ ಸುರಂಗ. ಇಳಿಜಾರು ಹೆಚ್ಚಾದರೆ ನೀರು ಸುರಂಗವನ್ನು ಕೊರೆದುಹಾಕುತ್ತದೆ, ಕಡಿಮೆಯಾದರೆ ಹೂಳು ತುಂಬುತ್ತದೆ. ಸುರಂಗದುದ್ದಕ್ಕೂ ಅಲ್ಲಲ್ಲಿ ಮೇಲಿನಿಂದ ನೇರವಾಗಿ ಇಳಿಯುವ ಗಾಳಿಬಾವಿಗಳು. ಕೆಲಸಗಾರರು ಇಳಿಯುವುದಕ್ಕೆ, ಅಗೆದ ಮಣ್ಣನ್ನು ಮೇಲೆತ್ತುವುದಕ್ಕೆ, ಉಸಿರಿಗೆ ಗಾಳಿ ಒದಗಿಸುವುದಕ್ಕೆ, ಮುಂದೆ ಹೂಳೆತ್ತುವುದಕ್ಕೆ ಅವು ಬೇಕು. ಸುರಂಗದ ಕೊನೆಯಲ್ಲಿ ನೀರು ತಾನಾಗಿಯೇ ಬಯಲಿಗೆ ಬರುತ್ತದೆ. ಎತ್ತಿಲ್ಲ, ಕಪಿಲೆಯಿಲ್ಲ, ಯಂತ್ರವಿಲ್ಲ.

ಬೀದರಿನಲ್ಲಿ ಇಂಥ ಮೂರು ವ್ಯವಸ್ಥೆಗಳನ್ನು ಗುರುತಿಸಲಾಗಿದೆ: ನೌಬಾದ್, ಶುಕ್ಲ ತೀರ್ಥ ಮತ್ತು ಜಮನಾ ಮೋರಿ. ನೌಬಾದಿನದು ನೆಲದಲ್ಲಿರುವ ಸಹಜ ಬಿರುಕಿನ ಜಾಡನ್ನು ಹಿಡಿದು ಕೆಲವು ಕಿಲೋಮೀಟರ್ ಸಾಗುತ್ತದೆ. ಅದರ ಮೇಲಿನ ಗಾಳಿಬಾವಿಗಳು ಇಪ್ಪತ್ತರ ಆಸುಪಾಸು. ಶುಕ್ಲ ತೀರ್ಥದ್ದು ಎಲ್ಲಕ್ಕಿಂತ ಉದ್ದದ್ದು, ಅದರ ತಾಯಿಬಾವಿಯನ್ನು ಗೊರನಳ್ಳಿ ಕೆರೆಯ ಬಳಿ ಪತ್ತೆಹಚ್ಚಲಾಯಿತು. ಸುಲ್ತಾನರ ಕಾಲದ ಕರೇಜ್‌ಗೆ ತೀರ್ಥದ ಹೆಸರು ಉಳಿದುಬಂದಿರುವುದನ್ನು ನಮ್ಮ ಕಾಲದ ಜಗಳಗಂಟರು ಗಮನಿಸಬೇಕು. ಜಮನಾ ಮೋರಿ ಹಳೆಯ ಪಟ್ಟಣದೊಳಗೆ ಓಣಿಓಣಿಗೆ ನೀರು ಹಂಚುತ್ತಿದ್ದ ಕವಲುಗಳ ಜಾಲ. ಇವುಗಳ ಜಾಡು ಹಿಡಿದು ನಕ್ಷೆ ಮಾಡುವಲ್ಲಿ ಕೇರಳದ ಭೂಗೋಳಶಾಸ್ತ್ರಜ್ಞ ವಿ. ಗೋವಿಂದನ್‌ಕುಟ್ಟಿ ಅವರ ಶ್ರಮ ದೊಡ್ಡದು.

ಕರೇಜ್‌ನ ಒಂದು ಗುಣವನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. ಸುರಂಗದ ತಳಮಟ್ಟಕ್ಕಿಂತ ಮೇಲಿರುವ ನೀರನ್ನು ಮಾತ್ರ ಅದು ಪಡೆಯಬಲ್ಲದು. ಮಳೆ ಚೆನ್ನಾಗಿ ಇಂಗಿದ ವರ್ಷ ಹೆಚ್ಚು ಹರಿಯುತ್ತದೆ, ಬರದ ವರ್ಷ ಕಡಿಮೆ ಹರಿಯುತ್ತದೆ. ಆದರೆ ಎಷ್ಟೇ ದುರಾಸೆಯ ಒಡೆಯನಿದ್ದರೂ ತನ್ನ ಮಟ್ಟಕ್ಕಿಂತ ಕೆಳಗಿನ ನೀರಿಗೆ ಅದು ಕೈಹಾಕಲಾರದು. ಕೊಳವೆಬಾವಿಗೆ ಈ ಮಿತಿ ಇಲ್ಲ. ನೂರು ಅಡಿಯಲ್ಲಿ ಸಿಗದಿದ್ದರೆ ಮುನ್ನೂರು, ಮುನ್ನೂರರಲ್ಲಿ ಸಿಗದಿದ್ದರೆ ಆರುನೂರು. ಒಂದೇ ನೆಲದಲ್ಲಿ ಕರೇಜ್ ಮತ್ತು ಕೊಳವೆಬಾವಿ ಎರಡೂ ಇದ್ದರೆ ಸೋಲುವುದು ಕರೇಜ್ ಎಂಬುದನ್ನು ವಿವರಿಸಬೇಕಾಗಿಲ್ಲ. ನೀರಿನ ಮಟ್ಟ ಸುರಂಗದ ತಳದಿಂದ ಒಂದು ಅಡಿ ಕೆಳಗಿಳಿದರೂ ಸಾಕು, ಆರು ಶತಮಾನದ ಕಾಲುವೆ ಒಣಗುತ್ತದೆ.

ಇನ್ನು ನಮ್ಮ ಪಾಠದ ಅಧ್ಯಾಯಕ್ಕೆ ಬರೋಣ. ಪಾಳು ನೆಲವನ್ನು ಹಸನುಗೊಳಿಸಿರಿ, ಅದು ನಿಮ್ಮದಾಗುತ್ತದೆ ಎಂದು ಉತ್ತೇಜಿಸುವ ಆ ಅಧ್ಯಾಯವೇ ಕೆಲವೇ ಪುಟಗಳ ನಂತರ ಒಂದು ಕಡೆ ಕೈ ಹಿಡಿದು ನಿಲ್ಲಿಸುತ್ತದೆ. ಅಲ್ಲಿ ಬರುವ ಪದ ‘ಹರೀಮ್’. ಹರಾಮ್, ಹರಮ್, ಇಹ್ರಾಮ್ ಎಂಬ ಪರಿಚಿತ ಪದಗಳ ಧಾತುವೇ ಇದರದ್ದೂ; ಮುಟ್ಟಬಾರದ್ದು, ರಕ್ಷಿತವಾದದ್ದು ಎಂಬ ಭಾವ. ಯಾರಾದರೂ ಪಾಳು ನೆಲದಲ್ಲಿ ಬಾವಿ ತೋಡಿದರೆ ಅದರ ಸುತ್ತಲಿನ ಒಂದು ನಿರ್ದಿಷ್ಟ ಜಾಗವೂ ಬಾವಿಗೇ ಸೇರುತ್ತದೆ, ಅದರೊಳಗೆ ಬೇರೊಬ್ಬ ಅಗೆಯುವಂತಿಲ್ಲ. ಇದಕ್ಕೆ ಆಧಾರ ಪ್ರವಾದಿ(ಸ)ರ ಹದೀಸ್. ಜಾನುವಾರುಗಳಿಗೆ ನೀರುಣಿಸುವ ಬಾವಿಗೆ ಎಲ್ಲ ಬದಿಗಳಿಂದಲೂ ನಲವತ್ತು ಮೊಳ. ಒಂಟೆಯಿಂದ ನೀರೆಳೆಯುವ ಬಾವಿಗೆ ಇಮಾಮ್ ಅಬೂ ಯೂಸುಫ್ ಮತ್ತು ಇಮಾಮ್ ಮುಹಮ್ಮದ್ ಅರುವತ್ತು ಮೊಳ ಎಂದರು, ಇಮಾಮ್ ಅಬೂ ಹನೀಫಾ ಅದಕ್ಕೂ ನಲವತ್ತೇ ಎಂದರು. ತಾನಾಗಿ ಉಕ್ಕುವ ಚಿಲುಮೆಗೆ ಐನೂರು ಮೊಳ.

ಮೊಳವನ್ನು ಒಂದೂವರೆ ಅಡಿ ಎಂದು ಹಿಡಿದರೆ ನಲವತ್ತು ಮೊಳ ಎಂದರೆ ಅರುವತ್ತು ಅಡಿ. ಬಾವಿಯನ್ನು ನಡುವಿಗಿಟ್ಟು ಅರುವತ್ತು ಅಡಿಯ ವೃತ್ತ ಎಳೆದರೆ ಸುಮಾರು 11,300 ಚದರ ಅಡಿ ನೆಲ ಅದರೊಳಗೆ ಬರುತ್ತದೆ. 30 ಅಡಿ ಅಗಲ 40 ಅಡಿ ಉದ್ದದ ಇಂದಿನ ನಿವೇಶನಗಳ ಲೆಕ್ಕದಲ್ಲಿ ಒಂಬತ್ತಕ್ಕೂ ಹೆಚ್ಚು. ಐನೂರು ಮೊಳದ ಲೆಕ್ಕವನ್ನು ಓದುಗರೇ ಮಾಡಿ ನೋಡಬಹುದು; ಅದು ಒಂದು ಇಡೀ ಬಡಾವಣೆಯಾಗುತ್ತದೆ.

ಕನಾತ್‌ನ ವಿಷಯದಲ್ಲಿ ಇಮಾಮರುಗಳ ನಡುವೆ ಸ್ವಾರಸ್ಯಕರವಾದ ಚರ್ಚೆಯಿದೆ. ಅದಕ್ಕೂ ಬಾವಿಯಂತೆಯೇ ಹರೀಮ್ ಇದೆ ಎಂಬುದು ಇಮಾಮ್ ಮುಹಮ್ಮದರ ಅಭಿಪ್ರಾಯ. ನೀರು ನೆಲದ ಮೇಲೆ ಕಾಣಿಸಿಕೊಳ್ಳುವವರೆಗೆ ಅದು ನೆಲದಡಿಯ ನದಿ ಮಾತ್ರ, ಆದ್ದರಿಂದ ಹರೀಮ್ ಇಲ್ಲ ಎಂಬ ಮಾತು ಇಮಾಮ್ ಅಬೂ ಹನೀಫಾರದೆಂದು ಹೇಳಲಾಗಿದೆ. ನೀರು ಹೊರಬಂದ ಜಾಗಕ್ಕೆ ಚಿಲುಮೆಯ ಹಾಗೆ ಐನೂರು ಮೊಳ ಎಂದು ವಿದ್ವಾಂಸರು ಸೇರಿಸಿದರು. ಇಂಥ ಚರ್ಚೆ ಬರಿಯ ಗ್ರಂಥದ ಜಾಣ್ಮೆಯಾಗಿರಲಿಲ್ಲ. ಒಂಬತ್ತನೆಯ ಶತಮಾನದಲ್ಲಿ ಖುರಾಸಾನಿನ ಪ್ರಾಂತಾಧಿಪತಿ ಅಬ್ದುಲ್ಲಾಹ್ ಇಬ್ನ್ ತಾಹಿರರ ಮುಂದೆ ಕನಾತ್‌ಗಳ ವ್ಯಾಜ್ಯಗಳು ಮತ್ತೆ ಮತ್ತೆ ಬರುತ್ತಿದ್ದವು. ಫಿಕ್‌ಹ್ ಗ್ರಂಥಗಳಲ್ಲೂ ಹದೀಸ್‌ಗಳಲ್ಲೂ ಅವಕ್ಕೆ ಸಾಕಷ್ಟು ವಿವರವಾದ ಉತ್ತರ ಸಿಗದಿದ್ದಾಗ ಅವರು ಖುರಾಸಾನಿನ ವಿದ್ವಾಂಸರನ್ನೂ ಇರಾಕಿನ ಕೆಲವರನ್ನೂ ಕೂಡಿಸಿ ಕನಾತ್‌ಗಳ ಬಗೆಗೇ ಒಂದು ಗ್ರಂಥವನ್ನು ಬರೆಯಿಸಿದರು. ಎರಡು ಶತಮಾನಗಳ ಅನಂತರವೂ ಅದರ ಪ್ರಕಾರ ತೀರ್ಪುಗಳಾಗುತ್ತಿದ್ದವೆಂದು ಇತಿಹಾಸಕಾರ ಗರ್ದೀಝಿ ದಾಖಲಿಸಿದ್ದಾರೆ. ಹನ್ನೊಂದನೆಯ ಶತಮಾನದ ಆರಂಭದಲ್ಲಿ ಗಣಿತಜ್ಞ ಅಲ್-ಕರಜೀ ಅಡಗಿರುವ ನೀರನ್ನು ಹೊರತೆಗೆಯುವ ಬಗೆಗೆ ಬರೆದ ಗ್ರಂಥದಲ್ಲಿ ಇಳಿಜಾರು ಅಳೆಯುವ ಉಪಕರಣಗಳ ಜೊತೆಜೊತೆಗೆ ಹರೀಮ್‌ನ ಚರ್ಚೆಯೂ ಇದೆ. ಸುರಂಗ ತೋಡುವ ವಿದ್ಯೆಯನ್ನೂ ಅದರ ಸುತ್ತ ನೆಲ ಬಿಡುವ ಕಾನೂನನ್ನೂ ಆ ಜನ ಬೇರೆ ಬೇರೆಯಾಗಿ ಕಾಣಲಿಲ್ಲ. ಮದೀನಾದ ರೂಮಾ ಬಾವಿಯನ್ನು ಖರೀದಿಸಿ ಎಲ್ಲರಿಗೂ ಬಿಟ್ಟುಕೊಟ್ಟ ಹಝ್ರತ್ ಉಸ್ಮಾನ್(ರ)ರ ಕಥೆಯನ್ನೂ ಮಕ್ಕಾದ ಹಾಜಿಗಳಿಗೆ ನೆಲದಡಿಯ ಕಾಲುವೆಯಿಂದ ನೀರು ತರಿಸಿದ ಝುಬೈದಾರ ಕಥೆಯನ್ನೂ ನಾವು ಮಕ್ಕಳಿಗೆ ಹೇಳುತ್ತೇವೆ. ಹರೀಮ್‌ನ ಕಥೆಯನ್ನು ಹೇಳುವುದಿಲ್ಲ.

ಬೀದರಿನಲ್ಲಿ ಕರೇಜ್‌ಗಳು ಹೇಗೆ ಮರೆಯಾದವು? ಯಾವ ಶತ್ರು ಸೈನ್ಯವೂ ಅವುಗಳನ್ನು ಕೆಡವಲಿಲ್ಲ. ಊರು ಬೆಳೆಯಿತು, ಅಷ್ಟೆ. ಕೋಟೆಗೋಡೆಯೊಳಗಿನ ಪಟ್ಟಣಕ್ಕೆ ಹಿಡಿಸದ ಜನ ಹೊರಗೆ ಬಂದರು. 1956ರಲ್ಲಿ ಹೈದರಾಬಾದ್ ರಾಜ್ಯದಿಂದ ಅಂದಿನ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಜಿಲ್ಲಾ ಕೇಂದ್ರಕ್ಕೆ ಬೇಕಾದ ಕಚೇರಿ, ಕಾಲೇಜು, ಆಸ್ಪತ್ರೆ, ಕೈಗಾರಿಕೆ, ವಸತಿ ಎಲ್ಲವೂ ಬಂದವು. ಬರಲೇಬೇಕಿತ್ತು, ಅದನ್ನು ದೂರುವುದು ನಮ್ಮ ಉದ್ದೇಶವಲ್ಲ. ನಲ್ಲಿಯ ನೀರು ದೂರದ ಜಲಾಶಯದಿಂದ ಬರತೊಡಗಿದ ಮೇಲೆ ಹತ್ತಿರದ ನೀರಿನ ಮೇಲೆ ಊರಿಗೆ ಅವಲಂಬನೆ ಇಲ್ಲದಂತಾಯಿತು. ಅವಲಂಬನೆ ತಪ್ಪಿದ ಕೂಡಲೇ ಕಾವಲೂ ತಪ್ಪಿತು. ಗಾಳಿಬಾವಿ ಎಂದರೆ ಮಕ್ಕಳು ಬೀಳಬಹುದಾದ, ಯಾರಿಗೂ ಬೇಡದ ಒಂದು ಗುಂಡಿ ಎಂದಾಯಿತು. ಅದನ್ನು ಮುಚ್ಚುವುದಕ್ಕೆ ಕಟ್ಟಡದ ಮಣ್ಣು, ಮನೆಯ ಕಸ ಎಲ್ಲವೂ ಒದಗಿಬಂತು. ಒಂದು ಗಾಳಿಬಾವಿಯ ಮಣ್ಣು ಕೆಳಗಿನ ಸುರಂಗವನ್ನು ಕಟ್ಟಿಹಾಕಿದರೆ ಅದರ ಹಿಂದಿನ ಎಲ್ಲ ನೀರೂ ನಿಲ್ಲುತ್ತದೆ.

ಕಣ್ಣಿಗೆ ಕಾಣುವ ಈ ಹಾನಿಗಿಂತ ಕಾಣದ ಇನ್ನೊಂದು ಹಾನಿ ದೊಡ್ಡದೆಂದು ನಮ್ಮ ಅನಿಸಿಕೆ. ಬೀದರಿನಲ್ಲಿ ವರ್ಷಕ್ಕೆ ಸರಾಸರಿ 850 ಮಿಲಿಮೀಟರಿನಷ್ಟು ಮಳೆಯಾಗುತ್ತದೆ. 1,200 ಚದರ ಅಡಿಯ ಒಂದು ನಿವೇಶನದ ಮೇಲೆ ಬೀಳುವ ನೀರು ವರ್ಷಕ್ಕೆ ಸುಮಾರು 95,000 ಲೀಟರ್. ನಿವೇಶನ ಬಯಲಾಗಿದ್ದಾಗ ಅದರಲ್ಲಿ ಒಂದು ಪಾಲು ಆವಿಯಾಗುತ್ತಿತ್ತು, ಒಂದು ಪಾಲು ಹರಿಯುತ್ತಿತ್ತು, ಒಂದು ಪಾಲು ಜಂಬಿಟ್ಟಿಗೆಯೊಳಗೆ ಇಳಿಯುತ್ತಿತ್ತು. ಮನೆ ಕಟ್ಟಿ ಉಳಿದ ಅಂಗಳಕ್ಕೂ ಸಿಮೆಂಟು ಬಳಿದ ದಿನವೇ ಈ ಮೂರನೆಯ ಪಾಲು ನಿಂತುಹೋಗುತ್ತದೆ. ಅದು ಚರಂಡಿ ಸೇರಿ, ತಗ್ಗಿನ ಓಣಿಗಳಲ್ಲಿ ಮೊಣಕಾಲುದ್ದ ನಿಂತು, ಜನರಿಂದ ಶಾಪ ಹಾಕಿಸಿಕೊಂಡು ಹೊರಟುಹೋಗುತ್ತದೆ. ಸಾವಿರ ನಿವೇಶನಗಳಾದರೆ ಎಷ್ಟು? ಒಂದೇ ಮಳೆಗಾಲದಲ್ಲಿ ತಗ್ಗಿನವರಿಗೆ ಪ್ರವಾಹ, ಅದೇ ವರ್ಷದ ಬೇಸಿಗೆಯಲ್ಲಿ ಎತ್ತರದವರಿಗೆ ಬರ. ಎರಡಕ್ಕೂ ಕಾರಣ ಒಂದೇ ಸಿಮೆಂಟು.

ಇಂಗುವುದು ನಿಂತರೂ ಕೊಳಚೆ ಇಳಿಯುವುದು ನಿಲ್ಲುವುದಿಲ್ಲ. ಒಳಚರಂಡಿ ಇಲ್ಲದ ಬಡಾವಣೆಗಳಲ್ಲಿ ಪ್ರತಿ ಮನೆಗೂ ಒಂದು ಶೌಚಗುಂಡಿ. ಮಳೆಯ ನೀರನ್ನು ಸುಲಭವಾಗಿ ಬಿಟ್ಟುಕೊಡುತ್ತಿದ್ದ ಜಂಬಿಟ್ಟಿಗೆ ಈ ನೀರನ್ನೂ ಅಷ್ಟೇ ಸುಲಭವಾಗಿ ಬಿಟ್ಟುಕೊಡುತ್ತದೆ. ನಮ್ಮ ಫಿಕ್‌ಹ್ ವಿದ್ವಾಂಸರು ಇದನ್ನೂ ಯೋಚಿಸಿದ್ದರು. ಬಾವಿಗೂ ಕೊಳಚೆಗುಂಡಿಗೂ ಐದು ಮೊಳದ ಅಂತರ ಸಾಕೆಂದು ಕೆಲವರು, ಏಳು ಮೊಳ ಬೇಕೆಂದು ಕೆಲವರು. ಆದರೆ ಆಳಬಲ್ಲ ವಿದ್ವಾಂಸರು ಮೊಳದ ಸಂಖ್ಯೆಗೆ ಕಟ್ಟುಬೀಳಲಿಲ್ಲ. ನೆಲ ಗಟ್ಟಿಯೋ ಸಡಿಲೋ ಎಂಬುದನ್ನು ನೋಡಬೇಕು, ಬಾವಿಯ ನೀರಿನ ಬಣ್ಣ, ರುಚಿ, ವಾಸನೆಗಳಲ್ಲಿ ಕೊಳಚೆಯ ಪರಿಣಾಮ ಕಾಣಿಸಿತೋ ಇಲ್ಲವೋ ಎಂಬುದೇ ನಿರ್ಣಾಯಕ ಎಂದರು. ಪ್ರಯೋಗಾಲಯಗಳಿಲ್ಲದ ಕಾಲದಲ್ಲಿ ಇದಕ್ಕಿಂತ ಮಿಗಿಲಾಗಿ ಏನು ಹೇಳಲು ಸಾಧ್ಯವಿತ್ತು?

ವಿಜಯಪುರದ ಕಥೆಯೂ ಇದರ ಸೋದರ ಸಂಬಂಧಿಯೇ. ಬೀದರಿಗಿಂತ ಕಡಿಮೆ ಮಳೆಯ ಆ ಊರಿಗೆ 1565ರ ಅನಂತರ ಜನಪ್ರವಾಹವೇ ಹರಿದುಬಂದಾಗ ಆದಿಲ್‌ಶಾಹಿಗಳು ನೀರಿಗಾಗಿ ಪಟ್ಟ ಪಾಡು ಅಸಾಮಾನ್ಯ. ತೊರವಿಯ ಸುರಂಗ ಬಾವಡಿ, 1579ರ ಚಾಂದ್ ಬಾವಡಿ, 1620ರ ತಾಜ್ ಬಾವಡಿ, ಮುಹಮ್ಮದ್ ಆದಿಲ್‌ಶಾಹ್ 1651ರಲ್ಲಿ ಕಟ್ಟಿಸಿದ ಬೇಗಂ ತಾಲಾಬ್, ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ಬರುವ ನೀರಿನ ಒತ್ತಡವನ್ನು ತಗ್ಗಿಸುವ ‘ಗಂಜ್’ ಎಂಬ ಗೋಪುರಗಳು. ಆ ಗೋಪುರಗಳಲ್ಲಿ ಕೆಲವು ಇಂದು ಮನೆಗಳ ನಡುವೆ ಏತಕ್ಕೆ ನಿಂತಿವೆ ಎಂದು ತಿಳಿಯದ ಹಾಗೆ ನಿಂತಿವೆ. ಸುರಂಗ ಬಾವಡಿಯನ್ನು ವಿಶ್ವ ಸ್ಮಾರಕ ನಿಧಿಯು 2020ರ ತನ್ನ ಪಟ್ಟಿಗೆ ದಖ್ಖನ್ ಪ್ರಸ್ಥಭೂಮಿಯ ಪ್ರಾಚೀನ ಜಲವ್ಯವಸ್ಥೆ ಎಂಬ ಹೆಸರಿನಲ್ಲಿ ಸೇರಿಸಿತು. ಬಾವಡಿಗಳ ಹೂಳೆತ್ತಿಸಿದ ಕೆಲಸವೂ ಅಲ್ಲಿ ನಡೆಯಿತು. ಅದರ ಪೂರ್ಣ ವಿವರಕ್ಕೆ ಬೇರೆಯೇ ಒಂದು ಲೇಖನ ಬೇಕು.

ಇಷ್ಟನ್ನೆಲ್ಲ ಬರೆಯುವಾಗ ನಮ್ಮದೇ ಒಂದು ಪ್ರಸಂಗವನ್ನು ಮುಚ್ಚಿಡುವುದು ಸರಿಯಲ್ಲ. ಹಿಂದೆ ನಾವು ಕಲಿಸುತ್ತಿದ್ದ ಮದ್ರಸವೊಂದರ ಅಂಗಳದಲ್ಲಿ ಕಲ್ಲು ಕಟ್ಟಿದ ಹಳೆಯ ಬಾವಿಯಿತ್ತು. ಬೇಸಿಗೆಯಲ್ಲಿ ನೀರು ತಳ ಸೇರುತ್ತಿತ್ತು, ಮಳೆಗಾಲದಲ್ಲಿ ಕೈಗೆ ನಿಲುಕುತ್ತಿತ್ತು. ಮಕ್ಕಳ ಸಂಖ್ಯೆ ಹೆಚ್ಚಿ ತರಗತಿ ಕೋಣೆಗಳೂ ವುಝೂ ಮಾಡುವ ದೊಡ್ಡ ಸಾಲೂ ಬೇಕಾದಾಗ ಆಡಳಿತ ಸಮಿತಿಯವರು ಬಾವಿಯನ್ನು ಮುಚ್ಚಿ ಕಟ್ಟಡ ಕಟ್ಟಬಹುದೇ ಎಂದು ನಮ್ಮನ್ನು ಕೇಳಿದರು. ವಕ್ಫ್ ಮಾಡಿದವರ ಉದ್ದೇಶ ವಿದ್ಯಾರ್ಥಿಗಳ ಅನುಕೂಲವೇ ಆಗಿರುವುದರಿಂದ, ಕೊಳವೆಬಾವಿಯಿಂದ ನೀರಿನ ವ್ಯವಸ್ಥೆಯೂ ಆಗುವುದರಿಂದ, ಅಡ್ಡಿಯಿಲ್ಲ ಎಂದೆವು. ಮೂರು ಲಾರಿ ಕಲ್ಲುಮಣ್ಣಿನಲ್ಲಿ ಬಾವಿ ತುಂಬಿತು. ಕೊಳವೆಬಾವಿ ನಾಲ್ಕನೆಯ ಬೇಸಿಗೆಯಲ್ಲಿ ಬತ್ತಿತು. ಎರಡನೆಯದನ್ನು ಇನ್ನೂ ಆಳಕ್ಕೆ ಕೊರೆಯಿಸಿದರು. ನಾವು ಆ ಊರನ್ನು ಬಿಡುವ ಹೊತ್ತಿಗೆ ರಮಝಾನಿನಲ್ಲಿ ಟ್ಯಾಂಕರ್ ತರಿಸುತ್ತಿದ್ದರು. ನಮ್ಮ ಉತ್ತರ ಶಾಸ್ತ್ರದ ದೃಷ್ಟಿಯಿಂದ ತಪ್ಪಾಗಿತ್ತೆಂದು ಇಂದಿಗೂ ನಾವು ಖಚಿತವಾಗಿ ಹೇಳಲಾರೆವು. ಆದರೆ ಆ ದಿನ ನಾವು ಹರೀಮ್‌ನ ಪುಟವನ್ನು ತೆರೆದು ನೋಡಲಿಲ್ಲ, ಪ್ರತಿ ವರ್ಷವೂ ಕಲಿಸುತ್ತಿದ್ದ ಪುಟವನ್ನು.

ನಮ್ಮ ಖುತ್ಬಾಗಳಲ್ಲಿ ನೀರಿನ ಮಾತು ಬರುವುದೇ ಇಲ್ಲವೆಂದಲ್ಲ. ಹರಿಯುವ ನದಿಯ ದಡದಲ್ಲಿದ್ದರೂ ವುಝೂವಿಗೆ ನೀರು ಪೋಲು ಮಾಡಬಾರದೆಂಬ ಹದೀಸನ್ನು ಪ್ರತಿ ಬೇಸಿಗೆಯಲ್ಲೂ ಕೇಳುತ್ತೇವೆ. ನಲ್ಲಿಯನ್ನು ಸಣ್ಣಗೆ ತಿರುಗಿಸಿರಿ ಎಂದು ಗೋಡೆಯ ಮೇಲೆ ಬರೆಸುತ್ತೇವೆ. ಅದು ಒಳ್ಳೆಯದೇ. ಆದರೆ ಅದು ಬಳಸುವವನ ಕೈಗೆ ಸಂಬಂಧಿಸಿದ ಮಾತು. ನೀರು ಹುಟ್ಟುವ ನೆಲಕ್ಕೆ ಸಂಬಂಧಿಸಿದ ಮಾತು ಬೇರೆ. ಮಸೀದಿಯ ಅಂಗಳಕ್ಕೆಲ್ಲ ಹೊಳೆಯುವ ಗ್ರಾನೈಟು ಹಾಸಿ, ಛಾವಣಿಯ ನೀರನ್ನು ಕೊಳವೆ ಇಳಿಸಿ ನೇರ ಬೀದಿಗೆ ಬಿಟ್ಟು, ಒಳಗೆ ನಲ್ಲಿಯ ಹನಿ ಉಳಿಸುವುದು ನಮಗೆ ಅಭ್ಯಾಸವಾಗಿದೆ. ಸೂರಃ ಅಲ್-ಮುಲ್ಕ್‌ನ ಕೊನೆಯ ಆಯತ್ ಭೂಮಿಯ ಆಳಕ್ಕೆ ಇಳಿದುಹೋದ ನೀರಿನ ಕುರಿತು ಕೇಳುವ ಪ್ರಶ್ನೆಯನ್ನು ರಾತ್ರಿ ಮಲಗುವ ಮುನ್ನ ಓದುವವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ.

2015ರ ಸುಮಾರಿಗೆ ನೌಬಾದ್ ಕರೇಜ್‌ನ ಹೂಳೆತ್ತುವ ಕೆಲಸ ಬೀದರಿನಲ್ಲಿ ಆರಂಭವಾಯಿತು. ಮುಚ್ಚಿಹೋಗಿದ್ದ ಗಾಳಿಬಾವಿಗಳನ್ನು ಹುಡುಕಿ ತೆರೆದರು. ಭೀಕರ ಬರದ ದಿನಗಳವು. 2016ರ ಏಪ್ರಿಲಿನಲ್ಲಿ ನೆರೆಯ ಲಾತೂರಿಗೆ ಮೀರಜ್‌ನಿಂದ ರೈಲಿನಲ್ಲಿ ಕುಡಿಯುವ ನೀರು ತರಿಸಿದ್ದನ್ನು ಓದುಗರು ಮರೆತಿರಲಾರರು. ಆ ಕೆಲಸ ಮಾಡಿದ ಅಧಿಕಾರಿಗಳಿಗೂ ಸಂಶೋಧಕರಿಗೂ ಕೆಳಗಿಳಿದು ಮಣ್ಣು ಹೊತ್ತ ಕೂಲಿಕಾರರಿಗೂ ನಾವು ಋಣಿಗಳು. ಆದರೂ ಒಂದು ಮಾತು ಹೇಳಬೇಕು. ಸುರಂಗವನ್ನು ಸ್ವಚ್ಛಗೊಳಿಸುವುದು ಸಾಧ್ಯ, ಕಷ್ಟವಾದರೂ ಸಾಧ್ಯ. ಅದಕ್ಕೆ ನೀರುಣಿಸುತ್ತಿದ್ದ ಮೇಲಿನ ಬಯಲನ್ನು ಮರಳಿ ತರುವುದು ಹೇಗೆ? ಅಲ್ಲಿ ಈಗ ಜನರು ವಾಸವಾಗಿದ್ದಾರೆ.

ಆ ಪ್ರಶ್ನೆ ಕೇಳಿದ ವಿದ್ಯಾರ್ಥಿಯ ಜೊತೆ ನಾವು ಕೊನೆಗೂ ಬೀದರಿಗೆ ಹೋದೆವು. ಒಂದು ಗಾಳಿಬಾವಿಯ ಅಂಚಿನಿಂದ ನಲವತ್ತು ಮೊಳ ಎಷ್ಟಾಗುತ್ತದೆಂದು ನೋಡುವ ಆಸೆಯಿಂದ ಮೊಳಮೊಳಕ್ಕೆ ಗಂಟು ಹಾಕಿದ ಹಗ್ಗವನ್ನು ಅವನು ತಂದಿದ್ದ. ಒಂದು ದಿಕ್ಕಿನಲ್ಲಿ ಹಗ್ಗ ಪೂರ್ತಿ ಬಿಚ್ಚಿತು. ಇನ್ನೊಂದು ದಿಕ್ಕಿನಲ್ಲಿ ಇಪ್ಪತ್ತಾರನೆಯ ಗಂಟಿಗೆ ಒಂದು ಕಾಂಪೌಂಡ್ ಗೋಡೆ ಅಡ್ಡ ಬಂತು. ಸದ್ದು ಕೇಳಿ ಮನೆಯವರು ಹೊರಬಂದು ಸಲಾಂ ಹೇಳಿದರು. ವಿಷಯ ತಿಳಿದ ಮೇಲೆ ಚಹಾ ತರಿಸಿದರು. ಇಪ್ಪತ್ತು ವರ್ಷದ ಉಳಿತಾಯದಲ್ಲಿ ಕೊಂಡ ನಿವೇಶನ, ಎಲ್ಲ ಕಾಗದಪತ್ರಗಳೂ ಸರಿಯಾಗಿವೆ, ಕೊಳ್ಳುವಾಗ ಅಲ್ಲಿ ಗಾಳಿಬಾವಿ ಕಾಣುತ್ತಲೇ ಇರಲಿಲ್ಲ ಎಂದರು. ಶರೀಅತ್‌ನಲ್ಲಿ ತಮ್ಮ ಮನೆಯ ಸ್ಥಿತಿ ಏನು ಎಂದು ಕೇಳುವಾಗ ಅವರ ದನಿ ಸ್ವಲ್ಪ ಅಳುಕಿತ್ತು.

ನಾವು ಇದ್ದದ್ದನ್ನು ಇದ್ದ ಹಾಗೆ ಹೇಳಿದೆವು. ಹರೀಮ್‌ನ ಕಾನೂನು ಪಾಳು ನೆಲದಲ್ಲಿ ತೋಡಿದ ಬಾವಿಗೆ ಸಂಬಂಧಿಸಿದ್ದು. ಕ್ರಯಕ್ಕೆ ಕೊಂಡ ಸ್ವಂತ ನೆಲದಲ್ಲಿ ಕಟ್ಟಿದ ಮನೆಯನ್ನು ಅದರ ಹೆಸರಿನಲ್ಲಿ ಯಾರೂ ಕೆಡವಿಸಲಾರರು, ಅವರ ಮೇಲೆ ಪಾಪವಿದೆಯೆಂದು ಹೇಳಲು ನಮಗೆ ಆಧಾರವಿಲ್ಲ. ಅದೇ ಉಸಿರಿನಲ್ಲಿ, ಇತರರಿಗೆ ಹಾನಿ ಮಾಡಬಾರದೆಂಬ ನಿಯಮ ಸ್ವಂತ ನೆಲದಲ್ಲೂ ಇದೆ ಎಂದೆವು. ಛಾವಣಿಯ ನೀರನ್ನು ಬೀದಿಗೆ ಬಿಡುವ ಬದಲು ಹಿತ್ತಲಲ್ಲಿ ಇಂಗುಗುಂಡಿ ತೋಡಿ ನೆಲಕ್ಕೆ ಇಳಿಸಬಹುದು ಎಂದು ವಿದ್ಯಾರ್ಥಿ ಸೇರಿಸಿದ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ತಮ್ಮ ಶೌಚಗುಂಡಿ ಈ ಗೋಡೆಗೆ ಹತ್ತಿಕೊಂಡೇ ಇದೆ ಎಂದರು. ಅದನ್ನು ಹಿತ್ತಲಿನ ಆಚೆಯ ಮೂಲೆಗೆ ಸರಿಸಿದರೆ ಬಾವಿಯಿಂದ ಎಷ್ಟು ಮೊಳವಾದೀತು ಎಂದು ಕೇಳಿದರು. ವಿದ್ಯಾರ್ಥಿ ಚಹಾದ ಲೋಟ ಕೆಳಗಿಟ್ಟು ಮತ್ತೆ ಹಗ್ಗ ಬಿಚ್ಚಿದ. ಅವರೇ ಗೇಟು ತೆರೆದು ಇನ್ನೊಂದು ತುದಿಯನ್ನು ಹಿಡಿದುಕೊಂಡರು.